ಬುಡ ಬಿಡಿಸಿ ನೋಡಿ: ಮಲೆನಾಡಿನ ಕಾಡಣಬೆ ಗುರುತಿಸಿ ಅಡುಗೆಮನೆಗೆ ತರುವ ಕ್ರಮ

ಅಣಬೆ ಕೀಳುವವರಲ್ಲಿ ಹೆಚ್ಚಿನವರು ಟೋಪಿ ನೋಡಿ ಕೀಳುತ್ತಾರೆ. ಬಣ್ಣ, ಗಾತ್ರ, ಎದ್ದ ಜಾಗ, ಇಷ್ಟರಲ್ಲೇ ತೀರ್ಮಾನ ಆಗಿಹೋಗುತ್ತದೆ. ಆಮೇಲೆ ಕಾಲನ್ನು ನೆಲಮಟ್ಟಕ್ಕೆ ಮುರಿದು ಬುಟ್ಟಿಗೆ ಹಾಕುವುದು. ಮುರಿದ ಆ ಕ್ಷಣದಲ್ಲೇ ಅತ್ಯಂತ ಮುಖ್ಯವಾದ ಗುರುತು ಮಣ್ಣಿನಲ್ಲಿ ಉಳಿದುಬಿಡುತ್ತದೆ. ಜೀವ ತೆಗೆಯುವ ಅಮನಿಟಾ ಗುಂಪಿನ ಅಣಬೆಗೆ ಬುಡದಲ್ಲಿ ಚೀಲವಿರುತ್ತದೆ. ನಮ್ಮ ಕಡೆಯವರು ಆಸೆಪಟ್ಟು ತಿನ್ನುವ ಹೆಗ್ಗಾಲಣಬೆಗೆ ಚೀಲವಿರದೆ, ಗೆದ್ದಲಿನ ಗೂಡಿನವರೆಗೆ ಇಳಿದ ಬೇರು ಇರುತ್ತದೆ. ಎರಡನ್ನೂ ನೆಲದ ಮೇಲೆ ಮುರಿದು ಪಕ್ಕಪಕ್ಕ ಇಟ್ಟರೆ ಅನುಭವಿಗಳಿಗೂ ಅನುಮಾನ ಬರಬಹುದು. ಬುಡಸಮೇತ ಇಟ್ಟರೆ ಹೊಸಬರಿಗೂ ವ್ಯತ್ಯಾಸ ಕಾಣುತ್ತದೆ. ಈ ಲೇಖನದಲ್ಲಿ ಹೇಳುವುದೆಲ್ಲ ಬುಡ ಬಿಡಿಸಿ ನೋಡುವ ಅಭ್ಯಾಸದ ಸುತ್ತಲೇ ಇದೆ.

ಎಲ್ಲಿ, ಯಾವಾಗ

ಮುಂಗಾರು ಕಾಲೂರುವ ರೋಹಿಣಿ, ಮೃಗಶಿರಾ ಮಳೆಗಳಲ್ಲಿ ಗುಡುಗಿನ ಬೆನ್ನಿಗೆ, ಉಂಡೆಯಾಗಿ ಏಳುವ ಕಲ್ಲಣಬೆ ಬರುತ್ತದೆ. ಜಂಬಿಟ್ಟಿಗೆ ನೆಲ, ಹೈಗದಂಥ ಮರಗಳ ಬುಡ ಅದರ ಜಾಗ. ಆರಿದ್ರಾದಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ನಾಲ್ಕು ದಿನ ಹಿಡಿದ ಮಳೆ ಹೊಳವಾಗಿ ಬಿಸಿಲು ಬಂದಾಗ ಹುತ್ತದ ಅಣಬೆಗಳು ಏಳುತ್ತವೆ. ಸೊಪ್ಪಿನಬೆಟ್ಟ, ಹುಲ್ಲು ಬೆಳೆಯುವ ಬ್ಯಾಣದ ಅಂಚು, ದಟ್ಟ ಕಾಡಾದ ಕಾನಿನ ಒಳಗಿನ ತೆರವು, ಹಳೇ ಧರೆ, ಹೀಗೆ ಗೆದ್ದಲು ನೆಲೆಸಿರುವ ಎಲ್ಲ ಕಡೆಯೂ ಬರಬಹುದು. ಮೇಲೆ ಹುತ್ತ ಎದ್ದಿರಲೇಬೇಕೆಂದಿಲ್ಲ. ಎಷ್ಟೋ ಗೂಡುಗಳು ಪೂರ್ತಿ ನೆಲದೊಳಗೇ ಇರುತ್ತವೆ.

ಕೆಲವು ಜಾಗಗಳಿಂದ ಎಂಥ ಒಳ್ಳೆಯ ಅಣಬೆ ಸಿಕ್ಕರೂ ತರಬಾರದು. ಮೊದಲನೆಯದು ಔಷಧಿ ಹೊಡೆದ ಅಡಿಕೆ ತೋಟ. ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ತಾಮ್ರ. ಹೊಡೆಯುವ ಕಾಲವೂ ಅಣಬೆಯ ಕಾಲವೂ ಒಂದೇ. ಮಣ್ಣಿನಲ್ಲಿರುವ ಲೋಹಗಳನ್ನು ಹೀರಿ ಕೂಡಿಟ್ಟುಕೊಳ್ಳುವುದು ಅಣಬೆಗಳ ಗುಣ. ಕಳೆನಾಶಕ ಹೊಡೆದ ಶುಂಠಿ ಗದ್ದೆಯ ಬದು, ಹೆದ್ದಾರಿಯ ಪಕ್ಕ, ಕಸ ಸುರಿಯುವ ಜಾಗಕ್ಕೂ ಇದೇ ಮಾತು. ಇನ್ನು ಶೆಟ್ಟಿಹಳ್ಳಿ, ಶರಾವತಿ ಕಣಿವೆಯಂಥ ಅಭಯಾರಣ್ಯಗಳ ಒಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಹೋಗುವಂತಿಲ್ಲ, ಏನನ್ನೂ ಕೀಳುವಂತಿಲ್ಲ. ದೇವರಬನದಲ್ಲಿ ಊರಿನ ಕಟ್ಟಳೆ ಏನಿದೆಯೋ ಅದನ್ನು ಕೇಳಿಕೊಂಡು ನಡೆಯಬೇಕು.

ಹುತ್ತದ ಬಾಯಿಗೆ, ಬಿಲಕ್ಕೆ ಕೈ ಹಾಕಬೇಡಿ. ಮಳೆಗಾಲದಲ್ಲಿ ನಾಗರಹಾವು ಅಲ್ಲಿರುವ ಸಂಭವ ಹೆಚ್ಚು. ತರಗೆಲೆಯ ಬಣ್ಣದಲ್ಲೇ ಬೆರೆತು ಮಲಗುವ ಗುಳಿಮಂಡಲ ಹಾವುಗಳೂ ಇವೆ. ಒಂದು ಕೋಲು ಹಿಡಿದು ಮೊದಲು ತರಗು ಸರಿಸಿ, ಆಮೇಲೆ ಕೈ ಹಾಕಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಬೇಸಿಗೆಯಲ್ಲಿ ಹೆಚ್ಚು. ಮಳೆ ಸರಿಯಾಗಿ ಹಿಡಿಯುವ ಮುನ್ನವೇ ಕಲ್ಲಣಬೆಗೆ ಕಾಡು ಹೊಗುವವರು ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗುವುದು ಒಳ್ಳೆಯದು.

ಜೊತೆಗೆ ಏನಿರಬೇಕು

ಗಾಳಿಯಾಡುವ ಬಿದಿರಿನ ಬುಟ್ಟಿ, ಒಂದು ಚೂಪು ಚಾಕು, ಮಣ್ಣು ಬಿಡಿಸಲು ಅರ್ಧ ಮೊಳದ ಗಟ್ಟಿ ಕೋಲು ಅಥವಾ ಕಳೆ ಕೀಳುವ ಸಣ್ಣ ಗುದ್ದಲಿ, ಹಳೇ ಪತ್ರಿಕೆಯ ಹಾಳೆಗಳು. ಪ್ಲಾಸ್ಟಿಕ್ ಚೀಲ ಬೇಡ. ಅದರೊಳಗೆ ಅಣಬೆ ಬೆವತು, ಬಿಸಿಯಾಗಿ, ಮನೆ ಮುಟ್ಟುವಷ್ಟರಲ್ಲಿ ಕೊಳೆಯಲು ಶುರುವಾಗುತ್ತದೆ. ಒಳ್ಳೆಯ ಅಣಬೆ ತಿಂದೇ ವಾಂತಿಯಾಯಿತು ಎನ್ನುವ ಪ್ರಕರಣಗಳಲ್ಲಿ ಕೊಳೆತ ಅಣಬೆಯದೂ ಒಂದು ಪಾಲಿದೆ.

ಬುಟ್ಟಿಯಲ್ಲಿ ಒಂದೊಂದು ಜಾತಿಗೆ ಒಂದೊಂದು ಪೊಟ್ಟಣ. ಗುರುತು ಸಿಗದ್ದನ್ನು ಬೇರೆ ಚೀಲದಲ್ಲೇ ಒಯ್ಯಬೇಕು. ಒಂದು ಅಮನಿಟಾ ಮುರಿದು ಅದರ ಚೂರು ಒಳ್ಳೆಯ ಅಣಬೆಯ ನಡುವೆ ಬಿದ್ದರೆ ಮನೆಯಲ್ಲಿ ಆರಿಸಿ ತೆಗೆಯಲಾಗುವುದಿಲ್ಲ. ಮುಟ್ಟಿದ ಮಾತ್ರಕ್ಕೆ ಅಣಬೆಯ ವಿಷ ಏರುವುದಿಲ್ಲ. ಕೈಯಲ್ಲಿ ಹಿಡಿದು, ಮೂಸಿ, ಸೀಳಿ ಧಾರಾಳವಾಗಿ ನೋಡಬಹುದು. ನಾಲಿಗೆಗೆ ಮಾತ್ರ ಇಡಬೇಡಿ. ನೋಡಿಯಾದ ಮೇಲೆ ಕೈ ತೊಳೆದುಕೊಳ್ಳಿ.

ಕೀಳುವ ಮೊದಲು, ಕೀಳುವಾಗ

1. ಒಂದೇ ಒಂದು ಕಂಡರೆ ಬಿಟ್ಟುಬಿಡಿ. ಮೊಗ್ಗು, ಅರಳುತ್ತಿರುವುದು, ಪೂರ್ತಿ ಅರಳಿದ್ದು ಮೂರೂ ಸಿಗುವ ಗುಂಪಿನಲ್ಲಿ ಮಾತ್ರ ಗುರುತು ಗಟ್ಟಿಯಾಗುತ್ತದೆ. ಒಂದು ಹಂತದಲ್ಲಿ ಕಾಣದ ಲಕ್ಷಣ ಇನ್ನೊಂದರಲ್ಲಿ ಕಾಣುತ್ತದೆ.

2. ಯಾವುದರ ಮೇಲೆ ಬೆಳೆದಿದೆ ಎಂದು ನೋಡಿ. ಮಣ್ಣೋ, ಸತ್ತ ಮರವೋ, ಸಗಣಿಯೋ, ತರಗೋ? ಮಣ್ಣಿನ ಮೇಲೆ ಬಂದಂತೆ ಕಂಡರೂ ಕೆರೆದರೆ ಅಡಿಯಲ್ಲಿ ಹೂತ ಬೇರೋ ಮರದ ತುಂಡೋ ಸಿಗಬಹುದು. ಸಗಣಿಯ ಮೇಲೆ ಬಂದದ್ದು ಯಾವುದೂ ಬೇಡ.

3. ಟೋಪಿ ಹಿಡಿದು ಎಳೆಯಬೇಡಿ. ಕಾಲಿನಿಂದ ಎರಡು ಬೆರಳಗಲ ದೂರದಲ್ಲಿ ಕೋಲು ಚುಚ್ಚಿ, ಸುತ್ತ ನಾಲ್ಕು ಬೆರಳು ಆಳದವರೆಗೆ ಮಣ್ಣು ಸಡಿಲಿಸಿ, ಕೈಯಿಂದ ಬಿಡಿಸಿ. ಅಮನಿಟಾದ ಚೀಲ ತೆಳುವಾದ್ದರಿಂದ ಎಳೆದರೆ ಹರಿದು ಮಣ್ಣಿಗಂಟಿಕೊಳ್ಳುತ್ತದೆ. ಮೇಲೆ ಬಂದ ಕಾಲು ಚೊಕ್ಕಟವಾಗಿ ಕಂಡು ಮೋಸವಾಗುತ್ತದೆ.

4. ಹೆಗ್ಗಾಲಣಬೆಯಾದರೆ ಕಾಲು ಕೆಳಗೆ ಸಪೂರವಾಗುತ್ತ ಬೇರಾಗಿ ಇಳಿಯುವುದು ಕಾಣುವವರೆಗೆ ಬಿಡಿಸಿದರೆ ಸಾಕು. ಬೇರಿನ ತುದಿ ಮುಟ್ಟುವ ಹಟ ಬೇಡ. ಕೆಲವೊಮ್ಮೆ ಅದು ಮೊಳದುದ್ದ ಇಳಿದಿರುತ್ತದೆ. ತುದಿಯಲ್ಲಿ ಗೆದ್ದಲು ಕಟ್ಟಿದ ತೂತು ತೂತಾದ ಕಂದು ಗೂಡಿರುತ್ತದೆ. ಅದನ್ನು ಒಡೆದರೆ ಮುಂದಿನ ವರ್ಷದ ಅಣಬೆಯೂ ಹೋಯಿತು. ಪರೀಕ್ಷೆ ಮುಗಿದ ಮೇಲೆ ಬೇರನ್ನು ಚಾಕುವಿನಿಂದ ಕೊಯ್ದು, ಗುಂಡಿಗೆ ಮಣ್ಣು ಮುಚ್ಚಿ, ಮೇಲೆ ತರಗು ಹರಡಿ.

5. ಬುಡದ ಪರೀಕ್ಷೆ ಪ್ರತಿಯೊಂದಕ್ಕೂ ಆಗಬೇಕು. ಹೆಗ್ಗಾಲಣಬೆಯ ಗುಂಪಿನ ನಡುವೆ ಬೇರೆ ಜಾತಿಯದು ಒಂದು ಎದ್ದಿರಲು ಯಾವ ಅಡ್ಡಿಯೂ ಇಲ್ಲ. ಹತ್ತು ನೋಡಿ ಹನ್ನೊಂದನೆಯದನ್ನು ಹಾಗೇ ಹಾಕಿಕೊಳ್ಳುವುದರಲ್ಲೇ ಅಪಾಯವಿದೆ.

ಹುಳ ಹಿಡಿದದ್ದು, ನೀರು ಕುಡಿದು ಮೆತ್ತಗಾದದ್ದು, ಟೋಪಿಯ ಅಂಚು ಕಪ್ಪಾದದ್ದು ಅಲ್ಲೇ ಇರಲಿ. ಮೊಗ್ಗುಗಳಲ್ಲಿ ಒಂದಷ್ಟನ್ನೂ ಬಿಡಿ.

ಭಾಗಗಳನ್ನು ಓದುವುದು

ಟೋಪಿಯ ಮೇಲೆ ಹೊಪ್ಪಳೆಗಳಿವೆಯೇ? ಬೆರಳಿನಿಂದ ಉಜ್ಜಿದರೆ ಉದುರುವ ಬಿಳಿ ಗಂಟುಗಳಿದ್ದರೆ ಅವು ಮೊಗ್ಗನ್ನು ಸುತ್ತಿದ್ದು ಆಮೇಲೆ ಹರಿದ ಪೊರೆಯ ಉಳಿಕೆ, ಅಮನಿಟಾದ ಸೂಚನೆ. ಆದರೆ ಜೋರು ಮಳೆ ಇವನ್ನು ತೊಳೆದುಬಿಡುತ್ತದೆ. ಆಗುಂಬೆಯಂಥ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಡೆ ಟೋಪಿ ನುಣುಪಾಗಿದೆ ಎಂಬುದಕ್ಕೆ ಏನೂ ಬೆಲೆಯಿಲ್ಲ.

ಟೋಪಿ ಮಗುಚಿ ಕಿವಿರು, ಅಂದರೆ ಅಡಿಯಲ್ಲಿ ಸಾಲಾಗಿ ನಿಂತ ತೆಳು ಹಾಳೆಗಳನ್ನು ನೋಡಿ. ಬಣ್ಣದ ಜೊತೆಗೆ ಅವು ಕಾಲಿಗೆ ಹೇಗೆ ಸೇರಿವೆ ಎನ್ನುವುದೂ ಮುಖ್ಯ. ಕಾಲನ್ನು ಮುಟ್ಟದೆ ಸಣ್ಣ ಸಂದು ಬಿಟ್ಟು ನಿಂತಿವೆಯೇ, ಕಾಲಿಗೆ ಅಂಟಿವೆಯೇ, ಕಾಲಿನ ಮೇಲೆ ಕೆಳಗೆ ಇಳಿದಿವೆಯೇ? ಟೋಪಿಯಿಂದ ಬುಡದವರೆಗೆ ನೇರವಾಗಿ ಸೀಳಿದರೆ ಇದು ಸ್ಪಷ್ಟವಾಗುತ್ತದೆ.

ಕಾಲಿನ ಮೇಲ್ಭಾಗದಲ್ಲಿ ಉಂಗುರ ಇದೆಯೇ, ಇದ್ದರೆ ಜೋತುಬಿದ್ದಿದೆಯೇ, ಬೆರಳಲ್ಲಿ ತಳ್ಳಿದರೆ ಮೇಲೆ ಕೆಳಗೆ ಜಾರುತ್ತದೆಯೇ? ಕೊನೆಗೆ ಬುಡ. ಮೊಟ್ಟೆಯೊಡೆದು ಉಳಿದ ಚಿಪ್ಪಿನಂತೆ ಬುಡವನ್ನು ಸುತ್ತಿಕೊಂಡ ಬಿಳಿ ಚೀಲ ಕಂಡರೆ, ಅಥವಾ ಉಬ್ಬಿದ ಬುಡದ ಮೇಲೆ ಸುತ್ತು ಸುತ್ತಾಗಿ ಪೊರೆಯ ಅಂಚುಗಳಿದ್ದರೆ, ಆ ಅಣಬೆಯ ವಿಚಾರ ಅಲ್ಲಿಗೇ ಮುಗಿಯಿತು. ಬಿಳಿ ಕಿವಿರು, ಉಂಗುರ, ಬುಡದಲ್ಲಿ ಚೀಲ ಮೂರೂ ಸೇರಿದ ಅಣಬೆಯನ್ನು ಯಾರು ಎಷ್ಟೇ ಧೈರ್ಯ ಹೇಳಿದರೂ ಮನೆಗೆ ತರಬೇಡಿ. ಹೈಗ, ಧೂಪದಂಥ ಮರಗಳ ಬೇರಿನೊಂದಿಗೆ ನಂಟು ಬೆಳೆಸಿ ಬದುಕುವ ಅಮನಿಟಾಗಳು ಪಶ್ಚಿಮಘಟ್ಟದಲ್ಲಿವೆ.

ಚೀಲವಿಲ್ಲದ ವಿಷದ ಅಣಬೆಗಳೂ ಇವೆ ಎನ್ನುವುದನ್ನು ಮರೆಯುವಂತಿಲ್ಲ. ಲೆಪಿಯೋಟಾ, ಗಲೆರಿನಾ ಗುಂಪಿನ ಕೆಲವು ಸಣ್ಣ ಅಣಬೆಗಳಲ್ಲಿ ಅಮನಿಟಾದ್ದೇ ವಿಷವಿರುತ್ತದೆ. ಆದ್ದರಿಂದ ಟೋಪಿ ನಾಲ್ಕು ಬೆರಳಿಗಿಂತ ಚಿಕ್ಕದಾದ ಕಂದು ಅಣಬೆಗಳನ್ನೂ, ಹೊಪ್ಪಳೆ ಟೋಪಿಯ ಸಣ್ಣ ಬಿಳಿ ಅಣಬೆಗಳನ್ನೂ ಹೊಸಬರು ಸಾರಾಸಗಟಾಗಿ ಬಿಡಬೇಕು. ಅವನ್ನು ಬಿಡಿಸಿ ಹೇಳಲು ಸೂಕ್ಷ್ಮದರ್ಶಕ ಬೇಕು.

ಬೀಜಕದ ಅಚ್ಚು

ಕಿವಿರಿನ ಬಣ್ಣ ಬೇರೆ, ಅದರಿಂದ ಬೀಜದಂತೆ ಉದುರುವ ನುಣ್ಣನೆ ಪುಡಿಯ, ಅಂದರೆ ಬೀಜಕದ ಬಣ್ಣ ಬೇರೆ. ಎರಡನೆಯದನ್ನು ನೋಡಲು ಅಚ್ಚು ತೆಗೆಯಬೇಕು. ಪೂರ್ತಿ ಅರಳಿದ ಟೋಪಿಯನ್ನು ಕಾಲಿನಿಂದ ಬೇರ್ಪಡಿಸಿ, ಕಿವಿರು ಕೆಳಗಾಗುವಂತೆ ಒಂದು ಗಾಜಿನ ಚೂರಿನ ಮೇಲಿಡಿ. ಟೋಪಿಯ ಮೇಲೆ ಒಂದು ತೊಟ್ಟು ನೀರು ಬಿಟ್ಟು, ಗಾಳಿಯಾಡದಂತೆ ಬಟ್ಟಲು ಕವುಚಿ. ನಾಲ್ಕು ಗಂಟೆಯಲ್ಲಿ ಕಾಣತೊಡಗುತ್ತದೆ. ರಾತ್ರಿಯಿಡೀ ಬಿಟ್ಟರೆ ಗಟ್ಟಿ ಅಚ್ಚು ಬೀಳುತ್ತದೆ. ಕಾಗದವೂ ನಡೆಯುತ್ತದೆ, ಆದರೆ ಬಿಳಿ ಕಾಗದದ ಮೇಲೆ ಬಿಳಿ ಬೀಜಕ ಕಾಣದು. ಗಾಜಾದರೆ ಅಡಿಗೆ ಒಮ್ಮೆ ಕಪ್ಪು, ಒಮ್ಮೆ ಬಿಳಿ ಕಾಗದ ಇಟ್ಟು ನೋಡಬಹುದು. ಪುಡಿಯನ್ನು ಬ್ಲೇಡಿನಿಂದ ಒಟ್ಟುಗೂಡಿಸಿದರೆ ನಿಜವಾದ ಬಣ್ಣ ಗೊತ್ತಾಗುತ್ತದೆ. ಏನೂ ಬೀಳದಿದ್ದರೆ ಟೋಪಿ ಎಳೆಯದು, ಇಲ್ಲವೇ ಮಳೆಯಲ್ಲಿ ನೆನೆದು ಕೆಟ್ಟದ್ದು.

ಹಸಿರು ಬಂದರೆ ಮುಂದೆ ಹೇಳುವ ಕ್ಲೋರೊಫಿಲಮ್ ಎಂಬ ವಿಷದ ಅಣಬೆ, ಎಸೆಯಿರಿ. ತುಕ್ಕಿನ ಕಂದು ಬಂದರೆ ಎಸೆಯಿರಿ, ಗಲೆರಿನಾ ಆ ಬಣ್ಣದ್ದು. ಅಚ್ಚ ಬಿಳಿ ಬಂದು ಅಣಬೆ ನೆಲದಿಂದ ಎದ್ದದ್ದಾಗಿದ್ದರೆ ಅಮನಿಟಾದ ಅನುಮಾನ ಗಟ್ಟಿಯಾಯಿತು. ಹೆಗ್ಗಾಲಣಬೆಯ ಅಚ್ಚು ಕೆನೆ ಬೆರೆತ ತಿಳಿ ಗುಲಾಬಿ. ಹಾಗೆಂದು ಗುಲಾಬಿ ಬಂದರೆ ತಿನ್ನಬಹುದು ಎಂದಲ್ಲ. ಎಂಟೊಲೋಮಾ ಗುಂಪಿನ ವಿಷದ ಅಣಬೆಗಳ ಅಚ್ಚೂ ಗುಲಾಬಿಯೇ. ಅವುಗಳ ಕಿವಿರು ಕಾಲಿಗೆ ಅಂಟಿರುತ್ತದೆ, ಹೆಗ್ಗಾಲಣಬೆಯದು ಸಾಮಾನ್ಯವಾಗಿ ಕಾಲನ್ನು ಮುಟ್ಟುವುದಿಲ್ಲ. ಅಚ್ಚಿನಿಂದ ಯಾವುದನ್ನು ಬಿಡಬೇಕು ಎಂದು ತಿಳಿಯುತ್ತದೆ. ಯಾವುದನ್ನು ತಿನ್ನಬೇಕು ಎನ್ನುವುದಕ್ಕೆ ಎಲ್ಲ ಲಕ್ಷಣಗಳೂ ಕೂಡಿ ಬರಬೇಕು.

ಹೆಗ್ಗಾಲಣಬೆ ಮತ್ತು ಅದರಂತೆ ಕಾಣುವವು

ಹೆಗ್ಗಾಲಣಬೆ, ಹುತ್ತದ ಅಣಬೆ ಎಂದೆಲ್ಲ ಕರೆಯುವುದು ಟರ್ಮಿಟೊಮೈಸಿಸ್ ಕುಲದ ಹಲವು ಜಾತಿಗಳನ್ನು. ಪಕ್ಕದೂರಿನಲ್ಲಿ ಅದೇ ಹೆಸರಿನಿಂದ ಬೇರೊಂದನ್ನು ಕರೆಯಬಹುದು, ಆದ್ದರಿಂದ ಹೆಸರು ಕೇಳಿ ನಂಬದೆ ಲಕ್ಷಣ ನೋಡಿ. ಗೆದ್ದಲು ಸೊಪ್ಪುಸದೆ ತಂದು ಕಟ್ಟಿದ ಗೂಡಿನ ಮೇಲೆ ಈ ಶಿಲೀಂಧ್ರವನ್ನು ಸಾಕುತ್ತದೆ, ತನ್ನ ಆಹಾರಕ್ಕಾಗಿ. ಮಳೆಗಾಲದಲ್ಲಿ ಶಿಲೀಂಧ್ರ ಅಲ್ಲಿಂದ ಮೇಲಕ್ಕೆ ಅಣಬೆ ಎಬ್ಬಿಸುತ್ತದೆ. ಚಿಪ್ಪಣಬೆ, ಹಾಲಣಬೆಗಳಂತೆ ಶೆಡ್ಡಿನಲ್ಲಿ ಹುಲ್ಲು ತುಂಬಿ ಬೆಳೆಯುವ ಪೈಕಿ ಇದಲ್ಲ. ಗೆದ್ದಲು ಬಿಟ್ಟುಹೋದ ಗೂಡಿನಿಂದ ಕಪ್ಪು ಕಡ್ಡಿಗಳಂಥ ಕ್ಸೈಲೇರಿಯಾ ಶಿಲೀಂಧ್ರ ಏಳುತ್ತದೆ. ಅದು ಕಂಡ ಜಾಗದಲ್ಲಿ ಇನ್ನು ಹೆಗ್ಗಾಲಣಬೆಯ ನಿರೀಕ್ಷೆ ಬೇಡ.

ಗಟ್ಟಿ ಮಣ್ಣನ್ನು ಸೀಳಿಕೊಂಡು ಬರಬೇಕಾದ್ದರಿಂದ ಇದರ ಟೋಪಿಯ ನಡುವೆ ಗಟ್ಟಿಯಾದ, ಚೂಪಾದ, ಸುತ್ತಲಿಗಿಂತ ಕಪ್ಪು ಬಣ್ಣದ ಮೊನೆಯಿರುತ್ತದೆ. ಅರಳಿ ವಯಸ್ಸಾದಂತೆ ಅಂಚು ಒಳಮುಖವಾಗಿ ಸೀಳುತ್ತದೆ. ಕಿವಿರು ಬಿಳಿ, ಬಲಿತ ಮೇಲೆ ಗುಲಾಬಿಯ ಛಾಯೆ. ಕಾಲು ಒಳಗೆ ತುಂಬಿದ್ದು, ನಾರು ನಾರಾಗಿ ಸೀಳುತ್ತದೆ. ಕೆಲವು ಜಾತಿಗಳಿಗೆ ಉಂಗುರವಿದೆ, ಕೆಲವಕ್ಕಿಲ್ಲ. ಉಂಗುರ ನೋಡಿ ತೀರ್ಮಾನಿಸುವುದು ಹೊಸಬರಿಗೆ ಹೇಳಿದ್ದಲ್ಲ. ಉಂಗುರವಿದ್ದರೆ ಬಿಟ್ಟೇಬಿಡಿ ಎಂಬುದೇ ನಮ್ಮ ಸಲಹೆ. ಒಂದಷ್ಟು ಒಳ್ಳೆಯ ಅಣಬೆ ಕೈತಪ್ಪಿದರೆ ನಷ್ಟವೇನಿಲ್ಲ.

ಬೇರಿದೆ ಎಂಬುದೊಂದೇ ಸಾಲದು. ಬೇರಿಳಿಸುವ ಬೇರೆ ಅಣಬೆಗಳೂ ಇವೆ, ಅಮನಿಟಾಗಳಲ್ಲೂ ಬುಡ ಉದ್ದವಾಗಿ ಮಣ್ಣಿಗಿಳಿದವು ಇವೆ. ಬೇರು, ಚೀಲವಿಲ್ಲದ ಬುಡ, ಗಂಟುಗಳಿಲ್ಲದ ಟೋಪಿ, ಚೂಪು ಮೊನೆ, ಗುಲಾಬಿ ಅಚ್ಚು, ಅಡಿಯಲ್ಲಿ ಗೆದ್ದಲಿನ ಸುಳಿವು ಎಲ್ಲವೂ ಸೇರಬೇಕು. ಒಂದು ತಪ್ಪಿದರೂ ಬುಟ್ಟಿಗೆ ಬೇಡ.

ಮಲೆನಾಡಿನಲ್ಲಿ ಮೋಸ ಮಾಡುವ ಇನ್ನೊಂದು ಅಣಬೆ ಕ್ಲೋರೊಫಿಲಮ್ ಮಾಲಿಬ್ಡೈಟಿಸ್. ಹುಲ್ಲುಗಾವಲು, ಶಾಲೆಯ ಮೈದಾನ, ಕೊಟ್ಟಿಗೆಯ ಹಿತ್ತಲಲ್ಲಿ ದೊಡ್ಡ ಬಿಳಿ ಕೊಡೆಗಳಾಗಿ, ಕೆಲವೊಮ್ಮೆ ವೃತ್ತಾಕಾರದಲ್ಲಿ ಏಳುತ್ತದೆ. ಟೋಪಿಯ ನಡುವೆ ಕಂದು ತೇಪೆ, ಸುತ್ತ ಕಂದು ಹೊಪ್ಪಳೆ, ಕಾಲಿಗೆ ಜಾರುವ ಉಂಗುರ, ತುಸು ಉಬ್ಬಿದ ಬುಡ. ಆಳದ ಬೇರಿಲ್ಲ. ಎಳೆಯದರಲ್ಲಿ ಕಿವಿರು ಬಿಳಿಯೇ ಇರುತ್ತದೆ, ಬಲಿತ ಮೇಲಷ್ಟೇ ಬೂದು ಹಸಿರಿಗೆ ತಿರುಗುತ್ತದೆ. ಮೊಗ್ಗು ಮಾತ್ರ ಕಿತ್ತವರು ಎಡವುವುದು ಇದರಿಂದಲೇ. ಇದು ಸಾಮಾನ್ಯವಾಗಿ ಜೀವ ತೆಗೆಯದಿದ್ದರೂ ವಾಂತಿ, ಭೇದಿಯಿಂದ ಹೈರಾಣು ಮಾಡುತ್ತದೆ. ಮಕ್ಕಳಿಗೆ ನಿರ್ಜಲೀಕರಣವೇ ಅಪಾಯ ತರಬಹುದು.

ಅಕ್ಕಿ ಅಣಬೆ, ಕಲ್ಲಣಬೆ, ಮರದ ಅಣಬೆ

ಅಕ್ಕಿ ಅಣಬೆಯೂ ಟರ್ಮಿಟೊಮೈಸಿಸ್ ಕುಲದ್ದೇ. ಟೋಪಿ ಒಂದೆರಡು ಸೆಂಟಿಮೀಟರ್ ಅಗಲ. ಗೆದ್ದಲು ಗೂಡಿನ ಚೂರುಗಳನ್ನು ಹೊರಗೆ ಹರಡಿದ ಕಡೆ ನೂರಾರು ಒಟ್ಟಿಗೆ ಹಾಸಿದಂತೆ ಏಳುತ್ತವೆ. ಸಣ್ಣ ಅಣಬೆ ಬೇಡ ಎಂದು ಮೇಲೆ ಹೇಳಿದ ನಿಯಮ ಇದಕ್ಕೂ ಸೇರಿಯೇ ಇದೆ: ಪ್ರತಿವರ್ಷ ಕಿತ್ತು ಬಲ್ಲವರು ಜೊತೆಗಿಲ್ಲದೆ ಇದನ್ನು ತರಬೇಡಿ. ಬಿಳಿಯ ಸಣ್ಣ ಅಣಬೆಗಳಲ್ಲಿ ವಿಷದವು ಬೇಕಾದಷ್ಟಿವೆ, ಇಷ್ಟು ಸಣ್ಣವನ್ನು ಒಂದೊಂದಾಗಿ ನೋಡುವ ತಾಳ್ಮೆಯೂ ಎಲ್ಲರಿಗೂ ಇರದು.

ಕಲ್ಲಣಬೆ ಕೊಡೆಯಾಗಿ ಅರಳುವುದಿಲ್ಲ. ಗೋಲಿಯಿಂದ ಸಣ್ಣ ನಿಂಬೆಹಣ್ಣಿನ ಗಾತ್ರದ ಉಂಡೆ, ಅರ್ಧ ಮಣ್ಣಿನಲ್ಲಿ ಹುದುಗಿರುತ್ತದೆ. ಬಲಿತ ಮೇಲೆ ಹೊರ ಸಿಪ್ಪೆ ನಕ್ಷತ್ರಾಕಾರದಲ್ಲಿ ಬಿರಿಯುತ್ತದೆ. ಆಸ್ಟ್ರಿಯಸ್ ಕುಲದ್ದು. ತಿನ್ನುವುದು ಬಿರಿಯುವ ಮೊದಲಿನ ಎಳೆಯದನ್ನು ಮಾತ್ರ. ಪ್ರತಿ ಉಂಡೆಯನ್ನೂ ಮೇಲಿನಿಂದ ಬುಡಕ್ಕೆ ಎರಡು ಹೋಳು ಮಾಡಿ. ಹೊರಗೆ ಗಟ್ಟಿ ಸಿಪ್ಪೆ, ಅದರೊಳಗೆ ಬೇರೆಯಾಗಿ ಕಾಣುವ ತೆಳು ಪದರ, ನಡುವೆ ಎಲ್ಲೂ ಕಲೆಯಿಲ್ಲದ ಅಚ್ಚ ಬಿಳಿ ತಿರುಳು ಇರಬೇಕು. ಬೂದು, ಕಂದು, ನೇರಳೆ ಯಾವ ಛಾಯೆ ಕಂಡರೂ ಹೊರಗೆ.

ಹೋಳು ಮಾಡುವುದಕ್ಕೆ ಎರಡು ಕಾರಣಗಳಿವೆ. ಅಮನಿಟಾ ಮೊದಲು ಏಳುವುದೇ ಮೊಟ್ಟೆಯಾಗಿ. ಸೀಳಿದರೆ ಒಳಗೆ ಎಳೆ ಟೋಪಿ, ಕಿವಿರು, ಕಾಲಿನ ಗೆರೆ ಮೂಡಿರುತ್ತದೆ. ಕಲ್ಲಣಬೆಯಲ್ಲಿ ಅಂಥ ಯಾವ ಗೆರೆಯೂ ಇಲ್ಲ. ಎರಡನೆಯದು ಸ್ಕ್ಲೆರೊಡರ್ಮ, ವಿಷದ ಉಂಡೆ. ಇದಕ್ಕಿರುವುದು ಒಂದೇ ದಪ್ಪ ಸಿಪ್ಪೆ, ಒಳಗೆ ಬಿಳಿ ಎಳೆಗಳ ನಡುವೆ ನೇರಳೆಗಪ್ಪು ತಿರುಳು. ಆದರೆ ತೀರ ಎಳೆಯದರಲ್ಲಿ ತಿರುಳು ಇನ್ನೂ ಬೆಳ್ಳಗೇ ಇರಬಹುದು. ಅಕೇಶಿಯಾ, ನೀಲಗಿರಿ ನೆಡುತೋಪುಗಳಲ್ಲಿ ಸ್ಕ್ಲೆರೊಡರ್ಮ, ಪೈಸೊಲಿಥಸ್‌ನಂಥ ಉಂಡೆಗಳು ಬರುತ್ತವೆ. ಆ ತೋಪುಗಳಿಂದ ಉಂಡೆ ಅಣಬೆ ತರುವುದೇ ಬೇಡ.

ಸತ್ತ ಮರದ ಮೇಲೆ ಒಂದರ ಮೇಲೊಂದು ಬರುವ ಚಿಪ್ಪಣಬೆಯ ಕಿವಿರು ಗಿಡ್ಡ ಕಾಲಿನ ಮೇಲೆ ಇಳಿದಿರುತ್ತದೆ, ಅಚ್ಚು ಬಿಳಿ. ಅದೇ ಕೊರಡಿನ ಮೇಲೆ ಗಲೆರಿನಾ ಕೂಡ ಬರಬಹುದು. ಆದ್ದರಿಂದ ಇಡೀ ಗೊಂಚಲು ಕೊಯ್ದು ಬುಟ್ಟಿಗೆ ಹಾಕದೆ ಒಂದೊಂದಾಗಿ ಬಿಡಿಸಿ. ಕತ್ತಲಲ್ಲಿ ಬೆಳಗುವ ಅಣಬೆ ಯಾವುದನ್ನೂ ತಿನ್ನಬೇಡಿ.

ಹುಲ್ಲಿನ ಬಣವೆಯಲ್ಲಿ ಬರುವ ಭತ್ತದ ಹುಲ್ಲಿನ ಅಣಬೆಗೂ ಬುಡದಲ್ಲಿ ಚೀಲವಿದೆ, ಉಂಗುರವಿಲ್ಲ, ಅಚ್ಚು ಗುಲಾಬಿ. ಬಲ್ಲವರು ತಿನ್ನುತ್ತಾರೆ. ಅಭ್ಯಾಸವಿಲ್ಲದವರು ಚೀಲ ಕಂಡದ್ದನ್ನೆಲ್ಲ ಬಿಡುವ ನಿಯಮಕ್ಕೇ ಅಂಟಿಕೊಳ್ಳುವುದು ಕ್ಷೇಮ.

ರಸ್ತೆ ಬದಿಯಲ್ಲಿ ಎಲೆಯ ಮೇಲೆ ಗುಡ್ಡೆ ಹಾಕಿ ಮಾರುವುದನ್ನು ಕೊಳ್ಳುವಾಗಲೂ ಬುಡ ಕೇಳಿ. ಕಾಲು ಕತ್ತರಿಸಿ, ನಾಲ್ಕು ಬಗೆ ಬೆರೆಸಿದ ಗುಡ್ಡೆಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.

ನಂಬಬಾರದ ಪರೀಕ್ಷೆಗಳು

ಬೆಳ್ಳಿ ನಾಣ್ಯ ಕಪ್ಪಾಗಲಿಲ್ಲ, ಬೆಳ್ಳುಳ್ಳಿಯ ಬಣ್ಣ ಬದಲಾಗಲಿಲ್ಲ, ಅರಿಶಿನ ಹಾಕಿದರೂ ಹಾಗೇ ಇದೆ, ಜೊತೆಗೆ ಬೇಯಿಸಿದ ಅಕ್ಕಿ ಕೆಂಪಾಗಲಿಲ್ಲ: ಇವು ಯಾವುವೂ ಅಮನಿಟಾದ ವಿಷವನ್ನು ತೋರಿಸಲಾರವು. ಆ ವಿಷ ಬೆಳ್ಳಿಯೊಂದಿಗೂ ಅರಿಶಿನದೊಂದಿಗೂ ಬಣ್ಣ ಬದಲಾಗುವಂತೆ ಬೆರೆಯುವುದಿಲ್ಲ. ಬಸವನಹುಳು, ಅಳಿಲು ತಿಂದಿದ್ದರೆ ನಮಗೂ ಆದೀತು ಎನ್ನುವುದು ಇನ್ನೂ ಅಪಾಯಕಾರಿ. ಅವುಗಳ ದೇಹಕ್ಕೆ ನಾಟದ ವಿಷ ನಮ್ಮ ಯಕೃತ್ತನ್ನು ಹಾಳುಮಾಡಬಲ್ಲದು. ಕುದಿಸಿ ನೀರು ಚೆಲ್ಲಿದರೂ, ಉಪ್ಪುನೀರು, ಮಜ್ಜಿಗೆ, ಹುಣಸೆಹುಳಿಯಲ್ಲಿ ನೆನೆಸಿದರೂ, ಒಣಗಿಸಿ ವರ್ಷ ಇಟ್ಟರೂ ಅಮನಿಟಿನ್ ಎಂಬ ಆ ವಿಷ ಹೋಗುವುದಿಲ್ಲ. ರುಚಿಯೂ ಎಚ್ಚರಿಸುವುದಿಲ್ಲ, ಅಮನಿಟಾ ತಿಂದು ಬದುಕುಳಿದವರು ಅದು ರುಚಿಯಾಗಿತ್ತೆಂದೇ ಹೇಳಿದ್ದಾರೆ.

ಮೊಬೈಲಿನ ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗಳು, ವಾಟ್ಸ್‌ಆ್ಯಪ್ ಗುಂಪಿನ ಉತ್ತರಗಳು ಕಲಿಯಲು ಸಹಾಯಕ. ತಿನ್ನುವ ತೀರ್ಮಾನಕ್ಕೆ ಆಧಾರವಲ್ಲ. ಮೇಲಿನಿಂದ ತೆಗೆದ ಚಿತ್ರದಲ್ಲಿ ಬುಡ ಇರುವುದೇ ಇಲ್ಲ. ಶಿವಮೊಗ್ಗ ಜಿಲ್ಲೆಯ ಕಾಡಿನ ಅಣಬೆಗಳನ್ನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಅನುಮಾನದ ಅಣಬೆಯನ್ನು ಬುಡಸಮೇತ ಕಾಗದದಲ್ಲಿ ಸುತ್ತಿ ಅಂಥ ಬಲ್ಲವರಿಗೆ ತೋರಿಸುವುದು ಸರಿಯಾದ ದಾರಿ.

ತೊಳೆಯುವುದು, ಬೇಯಿಸುವುದು, ಇಡುವುದು

ತಂದ ದಿನವೇ ಅಡುಗೆಯಾಗಲಿ. ಮಣ್ಣಂಟಿದ ಬುಡ ಹೆರೆದು, ಟೋಪಿಯನ್ನು ಸೀಳಿ ಹುಳ ನೋಡಿ, ಹರಿಯುವ ನೀರಿನಲ್ಲಿ ಬೇಗ ತೊಳೆದು ತೆಗೆಯಿರಿ. ಹೆಚ್ಚು ಹೊತ್ತು ನೆನೆಸಿದರೆ ನೀರು ಕುಡಿದು ಜಾಳಾಗುತ್ತದೆ. ಅಕ್ಕಿ ಅಣಬೆಗೆ, ಕಲ್ಲಣಬೆಗೆ ಇದು ಹೊಂದದು. ಅವನ್ನು ಮರಳು ಪೂರ್ತಿ ಹೋಗುವವರೆಗೆ ನಾಲ್ಕೈದು ನೀರಿನಲ್ಲಿ ತಿಕ್ಕಿ ತೊಳೆಯಬೇಕು, ಇಲ್ಲದಿದ್ದರೆ ಸಾರಿನಲ್ಲಿ ಹಲ್ಲಿಗೆ ಸಿಗುತ್ತದೆ.

ಹಸಿಯಾಗಿ ಯಾವ ಕಾಡಣಬೆಯೂ ಬೇಡ. ಹೆಚ್ಚಿದ ಹೆಗ್ಗಾಲಣಬೆ ತಾನೇ ನೀರು ಬಿಡುತ್ತದೆ. ಆ ನೀರಿನಲ್ಲೇ ಕುದಿ ಬಂದ ಮೇಲೆ 15ರಿಂದ 20 ನಿಮಿಷ ಬೇಯಲಿ. ಆಮೇಲೆ ಕಾಯಿ, ಕೊತ್ತಂಬರಿ, ಒಣಮೆಣಸಿನ ಮಸಾಲೆ ಹಾಕಿ. ಕಲ್ಲಣಬೆಗೆ ಇನ್ನೂ ಹೊತ್ತು ಬೇಕು, ಕುಕ್ಕರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ. ಎರಡು ಜಾತಿಯ ಅಣಬೆಯನ್ನು ಒಂದೇ ಪಾತ್ರೆಗೆ ಹಾಕಬೇಡಿ. ತೊಂದರೆಯಾದರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಮೊದಲ ಸಲ ತಿನ್ನುವವರು ಬೆಂದದ್ದನ್ನು ಎರಡು ಮೂರು ಚಮಚ ಮಾತ್ರ ತಿಂದು ಮರುದಿನದವರೆಗೆ ಕಾಯಬೇಕು. ಇದು ಒಗ್ಗದಿಕೆ, ಅಲರ್ಜಿ ತಿಳಿಯಲಿಕ್ಕೆ ಮಾತ್ರ, ವಿಷದ ಪರೀಕ್ಷೆಯಲ್ಲ. ಗುರುತು ಪಕ್ಕಾ ಆದ ಅಣಬೆಗಷ್ಟೇ ಈ ಮಾತು. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ, ಯಕೃತ್ತಿನ ಕಾಯಿಲೆಯವರಿಗೆ ಕಾಡಣಬೆ ಬಡಿಸದಿರುವುದು ಮೇಲು. ಮದ್ಯದೊಂದಿಗೆ ಬೇಡ. ಶಾಯಿಯಂತೆ ಕರಗುವ ಕೆಲವು ಅಣಬೆಗಳು ಮದ್ಯದ ಜೊತೆ ಸೇರಿದಾಗ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗುತ್ತದೆ.

ಅಡುಗೆ ಮಾಡಿದಾಗಲೆಲ್ಲ ಒಂದೆರಡು ಹಸಿ ಅಣಬೆಯನ್ನು ಬುಡಸಮೇತ ಕಾಗದದಲ್ಲಿ ಸುತ್ತಿ, ತಾರೀಖು ಬರೆದು, ಫ್ರಿಜ್ಜಿನಲ್ಲಿ ಮೂರು ದಿನ ಇಡಿ. ಆಸ್ಪತ್ರೆಗೆ ಹೋಗುವ ಪ್ರಸಂಗ ಬಂದರೆ ಇದರಷ್ಟು ಉಪಯೋಗಕ್ಕೆ ಬರುವುದು ಬೇರೊಂದಿಲ್ಲ.

ಒಣಗಿಸುವುದಾದರೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, ಒಲೆಯ ಮೇಲಿನ ಅಟ್ಟದಲ್ಲೋ ಡ್ರೈಯರಿನಲ್ಲೋ 60 ಡಿಗ್ರಿ ಮೀರದ ಶಾಖದಲ್ಲಿ, ಮುರಿದರೆ ಟಕ್ಕೆನ್ನುವವರೆಗೆ ಒಣಗಿಸಿ. ಮಳೆಗಾಲದ ಗಾಳಿಯಲ್ಲಿ ಬರೀ ನೆರಳಿಗೆ ಹರಡಿದರೆ ಬೂಸ್ಟು ಹಿಡಿಯುತ್ತದೆ.

ತಿಂದ ಮೇಲೆ ತೊಂದರೆಯಾದರೆ

ಲಕ್ಷಣ ಎಷ್ಟು ಹೊತ್ತಿಗೆ ಶುರುವಾಯಿತು ಎನ್ನುವುದು ವೈದ್ಯರಿಗೆ ಬೇಕಾದ ಮೊದಲ ಮಾಹಿತಿ. ಕಾಲು ಗಂಟೆಯಿಂದ ಎರಡು ಗಂಟೆಯೊಳಗೆ ವಿಪರೀತ ಬೆವರು, ಜೊಲ್ಲು, ಕಣ್ಣೀರು ಸುರಿದು ನಾಡಿ ನಿಧಾನವಾದರೆ ಅದು ಇನೊಸೈಬಿಯಂಥ ಗುಂಪಿನ ಅಣಬೆಗಳಲ್ಲಿರುವ ಮಸ್ಕರಿನ್ ವಿಷ. ಅದಕ್ಕೆ ಅಟ್ರೊಪಿನ್ ಎಂಬ ಮದ್ದಿದೆ. ಒಂದರಿಂದ ಮೂರು ಗಂಟೆಯಲ್ಲಿ ವಾಂತಿ, ಭೇದಿ ಶುರುವಾದರೆ ಹೆಚ್ಚಾಗಿ ಕ್ಲೋರೊಫಿಲಮ್‌ನಂಥವು. ಆರು ಗಂಟೆ ಕಳೆದ ಮೇಲೆ, ಅಂದರೆ ರಾತ್ರಿ ಉಂಡು ಬೆಳಗಿನ ಜಾವಕ್ಕೆ ವಾಂತಿ, ನೀರಿನಂಥ ಭೇದಿ ಕಾಣಿಸಿಕೊಂಡರೆ ಅದನ್ನು ಅಮನಿಟಾದ ವಿಷವೆಂದೇ ತಿಳಿದು ಹೊರಡಬೇಕು. ಕೆಲವರಲ್ಲಿ ಇದು 24 ಗಂಟೆಯವರೆಗೂ ತಡವಾಗುತ್ತದೆ. ದೇಹದ ತೂಕದ ಒಂದು ಕಿಲೋಗೆ 0.1 ಮಿಲಿಗ್ರಾಂನಷ್ಟು ಅಮನಿಟಿನ್ ಜೀವಕ್ಕೆ ಅಪಾಯ. ಒಂದು ದೊಡ್ಡ ಟೋಪಿಯಲ್ಲೇ ಅಷ್ಟಿರಬಹುದು.

ಈ ವಿಷದ ಅತ್ಯಂತ ಮೋಸದ ಹಂತ ಎರಡನೇ ದಿನ. ವಾಂತಿ ನಿಲ್ಲುತ್ತದೆ, ರೋಗಿ ಎದ್ದು ಕೂರುತ್ತಾರೆ, ಗಂಜಿ ಕೇಳುತ್ತಾರೆ. ಒಳಗೆ ಯಕೃತ್ತು ಸಾಯುತ್ತಿರುತ್ತದೆ. ಮೂರನೇ, ನಾಲ್ಕನೇ ದಿನಕ್ಕೆ ಕಣ್ಣು ಹಳದಿಯಾಗಿ, ರಕ್ತಸ್ರಾವವಾಗಿ, ಪ್ರಜ್ಞೆ ತಪ್ಪುತ್ತದೆ. ಸುಧಾರಿಸಿತೆಂದು ಆ ಎರಡನೇ ದಿನ ಡಿಸ್ಚಾರ್ಜ್ ಕೇಳಬೇಡಿ. ಯಕೃತ್ತು, ಮೂತ್ರಪಿಂಡ, ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳನ್ನು ಕೆಲವು ದಿನ ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ.

108ಕ್ಕೆ ಕರೆ ಮಾಡಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿಕೊಂಡು, ತಡಮಾಡದೆ ಶಿವಮೊಗ್ಗದ ಮೆಗ್ಗಾನ್ ಅಥವಾ ಮಣಿಪಾಲದಂಥ ದೊಡ್ಡ ಆಸ್ಪತ್ರೆಗೆ ಹೋಗುವ ವ್ಯವಸ್ಥೆ ಮಾಡಿಕೊಳ್ಳಿ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ವೈದ್ಯರಿಗೂ ಇದನ್ನು ತಿಳಿಸಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಎಣ್ಣೆ ಕುಡಿಸುವುದು, ನಾಟಿ ಔಷಧಿಗೆಂದು ಅರ್ಧ ದಿನ ಕಳೆಯುವುದು ಬೇಡ.

ಅದೇ ಪಂಕ್ತಿಯಲ್ಲಿ ಉಂಡ ಎಲ್ಲರೂ, ಏನೂ ಆಗಿಲ್ಲದವರೂ ಜೊತೆಗೆ ಹೋಗಬೇಕು. ಉಳಿದ ಸಾರು, ಫ್ರಿಜ್ಜಿನಲ್ಲಿಟ್ಟ ಹಸಿ ಅಣಬೆ, ಕಸದಲ್ಲಿ ಬಿದ್ದ ಬುಡದ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಒಯ್ಯಿರಿ. ಒಂದು ಚೀಟಿಯಲ್ಲಿ ಕಿತ್ತ ಜಾಗ, ಉಂಡ ಹೊತ್ತು, ಯಾರು ಎಷ್ಟು ಉಂಡರು, ಯಾರಿಗೆ ಎಷ್ಟು ಗಂಟೆಗೆ ಏನಾಯಿತು ಎಂದು ಬರೆದು ಅದರೊಂದಿಗೇ ಕೊಡಿ.